ಬದನೆಯ ಬೇರಿನಲ್ಲಿ ಗಂಟು

ಮೂವತ್ತು ವರ್ಷ ಏಳನೇ ತರಗತಿಗೆ ವಿಜ್ಞಾನ ಕಲಿಸಿದವಳು ನಾನು. ನಿವೃತ್ತಿಯಾದ ಮೇಲೂ ಕಲಿಸುವ ಚಟ ಹೋಗಿಲ್ಲ. ಯಾರು ಏನು ಕೇಳಿದರೂ ‘ಗೊತ್ತಿಲ್ಲ’ ಎನ್ನಲು ನಾಲಿಗೆ ಹೊರಳುವುದಿಲ್ಲ. ಆ ನಾಲಿಗೆಯಿಂದಲೇ ಆದ ಅನಾಹುತ ಇದು.

ಗಡಿನಾಡು ವರ್ಕಾಡಿಯ ನಮ್ಮ ಮನೆಯ ಕೆಳಗಿನ ಗದ್ದೆಯಲ್ಲಿ, ಭತ್ತದ ಕೊಯ್ಲು ಮುಗಿದ ಮೇಲೆ, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತರಕಾರಿ ಬೆಳೆಯುತ್ತಾಳೆ. ಬೀಡಿ ಕಟ್ಟಿ ಕಟ್ಟಿ ಅವಳಿಗೆ ಕೆಮ್ಮು ಹಿಡಿದಿತ್ತು. ಹೊಗೆಸೊಪ್ಪಿನ ಧೂಳು ಬಿಡಲೇಬೇಕು ಎಂದು ಡಾಕ್ಟರು ಹೇಳಿದ ಮೇಲೆ ಉಳಿದದ್ದು ಈ ನಾಲ್ಕಾರು ಸಾಲುಗಳೇ. ಇವೂ ಕೈಕೊಟ್ಟರೆ ಮತ್ತೆ ಬೀಡಿಗೇ ಕೂರಬೇಕು.

ಈ ಸಲ ಅಲಸಂಡೆಯ ಬಳ್ಳಿ ಯಾಕೋ ಹಳದಿಗಟ್ಟಿತ್ತು. ಒಂದು ಬುಡ ಕಿತ್ತು ಜಗುಲಿಗೆ ತಂದಳು. ಬೇರಿನ ತುಂಬ ಗಂಟು. ಕನ್ನಡಕ ಹುಡುಕುವ ಗೋಜಿಗೂ ನಾನು ಹೋಗಲಿಲ್ಲ.

“ಅಲಸಂಡೆಯ ಬೇರಿನಲ್ಲಿ ಗಂಟು ಉಂಟಾದರೆ ಒಳ್ಳೆಯದು ಅಂತ ನೀವೇ ಕಲಿಸಿದ್ದಲ್ವಾ ಟೀಚರ್?” ಎಂದಳು.

ಇಷ್ಟು ವರ್ಷದ ಮೇಲೂ ಪಾಠ ನೆನಪಿಟ್ಟಿದ್ದಾಳಲ್ಲ ಎಂದು ನಾನು ಉಬ್ಬಿಹೋದೆ. ಆ ಗಂಟಿನೊಳಗೆ ಗಾಳಿಯ ಸಾರಜನಕವನ್ನು ಗೊಬ್ಬರ ಮಾಡುವ ಜೀವಾಣು ಇರುತ್ತದೆ, ಹೊಸ ಸಾಲುಗಳಿಗೂ ಈ ಬುಡದ ಮಣ್ಣು ಒಂದೊಂದು ಹಿಡಿ ಹಾಕು ಎಂದೆ. ಅವಳು ಚಾಚೂ ತಪ್ಪದೆ ಹಾಕಿದಳು, ಬದನೆಯ ಸಾಲಿಗೂ.

ಒಂದೂವರೆ ತಿಂಗಳ ಮೇಲೆ ಗದ್ದೆಗೆ ಇಳಿದೆ. ಅವಳು ಪೇಟೆಗೆ ಹೋಗಿದ್ದಳು. ಬೆಳಿಗ್ಗೆಯಷ್ಟೇ ನೀರು ಕುಡಿದ ಬದನೆ ಗಿಡಗಳು ಬಾಡಿ ನಿಂತಿದ್ದವು. ಒಂದನ್ನು ಕಿತ್ತೆ. ಬೇರಿನಲ್ಲಿ ಗಂಟು. ಬದನೆಯೇನು ಅಲಸಂಡೆಯ ಜಾತಿಯೇ? ಪಾಠದಲ್ಲಿದ್ದ ಗಂಟು ಅದರ ಬೇರಿನಲ್ಲಿ ಬರಲು ಸಾಧ್ಯವೇ ಇಲ್ಲ. ನನಗೆ ಹೆದರಿಕೆಯಾಯಿತು.

ಅವಳಿಗೆ ತಿಳಿಸದೆ ಒಂದು ಅಲಸಂಡೆ, ಒಂದು ಬದನೆ ಪ್ಲಾಸ್ಟಿಕ್ ತೊಟ್ಟೆಗೆ ಹಾಕಿಕೊಂಡು ಕೃಷಿ ಆಫೀಸಿಗೆ ಹೋದೆ. ಅಲ್ಲಿಯ ಅಧಿಕಾರಿ ನನ್ನ ಮಗಳ ಪ್ರಾಯದವಳು. ‘ನಿಮಾವಿರ’ ಎಂದು ಮಲಯಾಳದಲ್ಲಿ ಹೇಳಿದವಳು, ನನ್ನ ಮುಖ ನೋಡಿ, ಮಣ್ಣಿನಲ್ಲಿರುವ ಕಣ್ಣಿಗೆ ಕಾಣದ ಜಂತು ಎಂದು ಬಿಡಿಸಿ ಹೇಳಿದಳು. ಅಲಸಂಡೆಯ ಬೇರನ್ನು ಉಗುರಿನಿಂದ ಉಜ್ಜಿದಳು. ಒಳ್ಳೆಯ ಗಂಟು ಬೇರಿನ ಬದಿಗೆ ಅಂಟಿಕೊಂಡಿರುತ್ತದೆ, ಉಜ್ಜಿದರೆ ಕಳಚಿ ಬರುತ್ತದೆ. ಇಲ್ಲಿ ಬೇರಿನ ಒಳಮೈಯೇ ಊದಿಕೊಂಡಿತ್ತು, ಕಳಚಲಿಲ್ಲ. ಉಗುರು ನನಗೂ ಇತ್ತು.

ಗಿಡಕ್ಕೆ ತಡೆಯಲು ಆಗುವುದಿಲ್ಲವೇ ಎಂದು ಕೇಳಿದೆ. ಕೆಲವು ತಳಿಗಳಿಗೆ ಆಗುತ್ತದಂತೆ. ಜಂತು ಬೇರಿನೊಳಗೆ ಬಾಯಿ ಹಾಕಿದ ಕೂಡಲೇ ಅದನ್ನು ಗುರುತಿಸಿ, ಸುತ್ತಲಿನ ತಮ್ಮದೇ ಜೀವಕೋಶಗಳನ್ನು ಸಾಯಿಸುತ್ತವೆ. ಜಂತು ಊಟವಿಲ್ಲದೆ ಸಾಯುತ್ತದೆ. ಗೊಂಡೆಹೂವಿನ, ಅದೇ ಚೆಂಡುಹೂವಿನ, ಗಿಡವಾದರೆ ಬೇರಿನಲ್ಲೇ ವಿಷ ಇಟ್ಟುಕೊಂಡಿರುತ್ತದೆ. ನಮ್ಮ ಗದ್ದೆಯ ಗಿಡಗಳಿಗೆ ಗುರುತು ಹಿಡಿಯಲು ಬರುವುದಿಲ್ಲ. ಜಂತು ಹೇಳಿದಂತೆ ಕೇಳಿ, ಬೇರಿನ ಕೋಶಗಳನ್ನೇ ದೊಡ್ಡದಾಗಿ ಬೆಳೆಸಿ ಅದಕ್ಕೆ ಉಣಿಸುತ್ತವೆ. ಆ ಉಪಚಾರದಿಂದಲೇ ಗಂಟು ಏಳುವುದು. ಬಸ್ಸಿನಲ್ಲಿ ಬರುವಾಗ, ಗುರುತು ಹಿಡಿಯದ್ದು ಬದನೆಯೊಂದೇ ಅಲ್ಲ ಎಂದು ನಾಚಿಕೆಯಾಯಿತು.

ಸಂಜೆ ಅವಳು ಕೊಡದಲ್ಲಿ ನೀರು ಹೊರುತ್ತಿದ್ದಳು. ಎಲ್ಲವನ್ನೂ ಹೇಳಿದೆ, ತಪ್ಪು ನನ್ನದೇ ಎಂದೂ ಹೇಳಿದೆ. ಅವಳು ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ, ಸ್ವಲ್ಪ ಹೊತ್ತು ಕೆಮ್ಮಿದಳು. ಗದ್ದೆಯನ್ನು ಉತ್ತು ಬಿಸಿಲಿಗೆ ಬಿಡೋಣ, ಆಮೇಲೆ ಗೊಂಡೆ ನೆಡೋಣ ಎಂದು ನಾನೇ ಮಾತು ತುಂಬಿಸಿದೆ.

“ಇಲ್ಲಿ ಮಾತ್ರ ನೆಟ್ಟರೆ ಸಾಕಾ ಟೀಚರ್?” ಎಂದಳು. “ಆ ಮಣ್ಣು ನಾನು ಕೇಳಿದವರಿಗೆಲ್ಲ ಕೊಟ್ಟಿದ್ದೇನೆ. ಟೀಚರ್ ಹೇಳಿದ್ದು ಅಂತ ಹೇಳಿಯೇ ಕೊಟ್ಟದ್ದು.”

ಯಾರು ಯಾರಿಗೆ ಎಂದು ಕೇಳಿದೆ. ಅವಳು ಬೆರಳು ಮಡಚಿ ಎಣಿಸತೊಡಗಿದಳು. ಒಂದು ಕೈಯ ಬೆರಳುಗಳು ಮುಗಿದವು. ಇನ್ನೊಂದು ಕೈಯಲ್ಲಿದ್ದ ಕೊಡವನ್ನು ಕೆಳಗಿಟ್ಟಳು.