ಹೆಸರಿನ ಕಾಲಂ ಖಾಲಿಯಿದ್ದ ಸಾಲು

ವಂಶವೃಕ್ಷ ಬರೆಸಿಕೊಂಡವರು ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಬೇರು ಹುಡುಕಿಕೊಟ್ಟವರ ಹೆಸರು ಆ ಚಿತ್ರದಲ್ಲಿ ಎಲ್ಲಿಯೂ ಇರುವುದಿಲ್ಲ. ನಮ್ಮ ಜನನ ಮರಣ ದಾಖಲೆ ಕಚೇರಿಯ ನೆಲಮಾಳಿಗೆಯಲ್ಲಿ ಮೂವತ್ತೇಳು ವರ್ಷ ಕುಳಿತು, ಸಾವಿರಾರು ಕುಟುಂಬಗಳಿಗೆ ಅವರವರ ಅಜ್ಜ ಮುತ್ತಜ್ಜಿಯರನ್ನು ಗೊತ್ತುಮಾಡಿಕೊಟ್ಟ ಮಾನ್ಯ ದಾಖಲೆಪಾಲಕಿಯವರನ್ನು, ನಾವೆಲ್ಲ ‘ದಫ್ತರದಕ್ಕ’ ಎಂದೇ ಕರೆಯುವ ಹಿರಿಯರನ್ನು, ಅವರ ಅರವತ್ತರ ನಿವೃತ್ತಿಯ ಸಂದರ್ಭದಲ್ಲಿ ಅಭಿನಂದಿಸಿ ಬರೆಯಬೇಕೆಂದು ಸಮಿತಿಯವರು ಈ ಲೇಖಕನಿಗೆ ಅಪ್ಪಣೆ ಮಾಡಿದ್ದಾರೆ. ನಾಲ್ಕು ಒಳ್ಳೆಯ ಮಾತು ಸಾಕು, ಹಳೆಯದನ್ನು ಕೆದಕಬೇಡಿ ಎಂದೂ ಸೂಚಿಸಿದ್ದಾರೆ. ಕೆದಕುವುದೇ ಉದ್ಯೋಗವಾಗಿದ್ದವರನ್ನು ಕೆದಕದೆ ಹೊಗಳುವುದು ಹೇಗೆಂದು ಸಮಿತಿಯವರೇ ಹೇಳಿಕೊಡಬೇಕಿತ್ತು.

ಅಕ್ಕ ಕೆಲಸಕ್ಕೆ ಸೇರಿದಾಗ ಆ ಕೋಣೆಯಲ್ಲಿ ಒಂದು ಕಿಟಕಿ, ಐವತ್ತೆಂಟು ಹಳೆಯ ಸಂಪುಟಗಳು, ಮತ್ತು ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವಂಥ ಸಿಬ್ಬಂದಿ ಇದ್ದರು. ಪುಸ್ತಕದಲ್ಲಿದ್ದುದನ್ನು ನಕಲು ಮಾಡಿ ಮೊಹರು ಒತ್ತಿದರೆ ಅವರ ಕೆಲಸ ತೀರುತ್ತಿತ್ತು. ಮೊದಲ ವಾರದಲ್ಲೇ ಅಕ್ಕ ಒಂದು ಪುಟದ ಮೇಲೆ ಬೆರಳಿಟ್ಟು, “ಈ ಬೀದೀಲಿ ಮಕ್ಕಳೆಲ್ಲ ಸೋಮವಾರಾನೇ ಹುಟ್ತಾರಾ?” ಎಂದು ಕೇಳಿದರಂತೆ. ವಿಚಾರಿಸಿದರೆ, ಬೀದಿಯ ಕಾವಲುಗಾರ ಸೋಮವಾರಕ್ಕೊಮ್ಮೆ ಬಂದು ವರದಿ ಒಪ್ಪಿಸುತ್ತಿದ್ದ. ಆ ಕಾಲದ ಗುಮಾಸ್ತ ವರದಿ ಬಂದ ದಿನವನ್ನೇ ಹುಟ್ಟಿದ ದಿನವೆಂದು ಬರೆದಿಟ್ಟಿದ್ದ. ಅಂದಿನಿಂದ ಅಕ್ಕ ಯಾವ ದಿನಾಂಕ ಕಂಡರೂ ಮೂರು ಪ್ರಶ್ನೆ ಕೇಳದೆ ಬಿಟ್ಟವರಲ್ಲ: ಯಾರು ಹೇಳಿದರು, ಎಂದು ಹೇಳಿದರು, ಹೇಳಿದವರು ಕಣ್ಣಾರೆ ಕಂಡಿದ್ದರೇ.

ನಿವೃತ್ತ ಬಸ್ ಚಾಲಕರೊಬ್ಬರು ತಮ್ಮ ತಂದೆಯ ಹುಟ್ಟನ್ನು ಹುಡುಕಿಕೊಂಡು ಬಂದದ್ದು ಈ ಲೇಖಕನಿಗೆ ಚೆನ್ನಾಗಿ ನೆನಪಿದೆ. ಅಂಥ ಮನುಷ್ಯನೇ ಇಲ್ಲವೆಂದು ನಾವು ಎರಡು ಸಲ ಅಟ್ಟಿದ್ದೆವು. ಅಕ್ಕ ಮೂರು ತಿಂಗಳು ತಮ್ಮ ಊಟದ ಬಿಡುವನ್ನು ಅದಕ್ಕೆ ಕೊಟ್ಟರು. ಜನನದಲ್ಲಿ ಮುತ್ತಜ್ಜನ ಉದ್ದನೆಯ ಹೆಸರು, ಶಾಲೆಯಲ್ಲಿ ಮೇಷ್ಟ್ರು ಮೊಟಕುಮಾಡಿದ ಹೆಸರು, ಮರಣದಲ್ಲಿ ಬೀದಿಯವರು ಕರೆಯುತ್ತಿದ್ದ ‘ಗುಂಡ’. ಮೂವರೂ ಒಬ್ಬರೇ ಎಂದು ಮನೆಯ ಸಂಖ್ಯೆಯಿಂದಲೂ ತಾಯಿಯ ಹೆಸರಿನಿಂದಲೂ ಸಾಧಿಸಿ ತೋರಿಸಿದರು. ಆಮೇಲೆ ಮೂಲೆಯ ಸ್ಟೂಲನ್ನು ಎಳೆದು ತಂದರು. ಅಕ್ಕ ಸ್ಟೂಲು ತಂದರೆ ಪುಟದಲ್ಲೊಂದು ಸಾವಿದೆ ಎಂದು ನಮಗೆಲ್ಲ ಗೊತ್ತು. “ಮೊದಲು ಕೂತ್ಕೊಳ್ಳಿ” ಎಂದು, ಚಾಲಕರಿಗೆ ಒಬ್ಬ ಸೋದರತ್ತೆ ಇದ್ದಳು, ನಾಲ್ಕು ವರ್ಷಕ್ಕೇ ತೀರಿಹೋದಳು ಎಂಬುದನ್ನು ಮೆಲ್ಲಗೆ ಓದಿ ಹೇಳಿದರು. ಎಂದೂ ಕಾಣದ ಅತ್ತೆಗಾಗಿ ಆ ಹಿರಿಯರು ಅತ್ತರು. ನಿಂತವರಿಗೆ ಸಾವಿನ ಸುದ್ದಿ ಹೇಳಬಾರದೆಂಬುದು ಅಕ್ಕ ತಾವೇ ಮಾಡಿಕೊಂಡ ನಿಯಮ. ಕಚೇರಿಯ ಯಾವ ಕೈಪಿಡಿಯಲ್ಲಿಯೂ ಅದಿಲ್ಲ.

ಇಷ್ಟು ಸಂಪುಟಗಳಿಗೆ ಒಂದು ನಾಮಸೂಚಿ ಬೇಕು, ಮನೆ ಮನೆಯ ಹೆಸರುಗಳನ್ನು ಒಂದೆಡೆ ತರಬೇಕು ಎಂದು ಅಕ್ಕ ಮೂರು ದಶಕ ಬೇಡಿದರು. ಗೋಡೆಗೆ ಹೇಳಿದ ಹಾಗಾಯಿತು. ನಾಲ್ಕು ವರ್ಷದ ಹಿಂದೆ, ಕಾಟ ತಪ್ಪಲಿ ಎಂದೋ ಏನೋ, ಅನುಮತಿ ಸಿಕ್ಕಿತು. ತಿಂಗಳಿಗೊಂದರಂತೆ ನಲವತ್ತೆಂಟು ಮುಗಿದಿವೆ, ಹತ್ತು ಉಳಿದಿವೆ.

ಆ ಸೂಚಿ ಬರೆಯುತ್ತಿರುವಾಗಲೇ, ಎರಡು ವರ್ಷದ ಹಿಂದೆ, ಮರಣದ ಸಂಪುಟವೊಂದರಲ್ಲಿ ಅಕ್ಕನಿಗೆ ತಮ್ಮದೇ ಹೆಸರು ಕಂಡಿತು. ತಂದೆ ತಾಯಿಯ ಹೆಸರೂ ತಮ್ಮವರದೇ, ಮನೆಯೂ ಅದೇ, ವಯಸ್ಸು ಹನ್ನೊಂದು ತಿಂಗಳು. ವರದಿ ಕೊಟ್ಟವರು ತಂದೆ, ಅಂದೇ, ಅವರದೇ ರುಜು. ಒಂಬತ್ತು ತಿಂಗಳ ನಂತರದ ಜನನದ ಪುಟದಲ್ಲಿ ಅದೇ ಮನೆಗೆ ಇನ್ನೊಂದು ಸಾಲಿತ್ತು: ಹೆಣ್ಣು ಮಗು, ಹೆಸರಿನ ಕಾಲಂ ಖಾಲಿ, ಮರುದಿನವೇ ವರದಿ ಕೊಟ್ಟಾಕೆ ಹೆರಿಗೆ ಮಾಡಿಸಿದ ಸೂಲಗಿತ್ತಿ. ಆ ದಂಪತಿಗೆ ಬೇರೆ ಮಕ್ಕಳಿಲ್ಲ. ಸತ್ತ ಮೊದಲ ಮಗುವಿನ ಹೆಸರನ್ನೇ ಎರಡನೆಯ ಮಗುವಿಗೆ, ಅಂದರೆ ನಮ್ಮ ದಫ್ತರದಕ್ಕನಿಗೆ, ಇಟ್ಟಿದ್ದರು. ಶಾಲೆಗೆ ಸೇರಿಸಲು ಜನನದ ನಕಲು ಕೇಳಿ ಕಚೇರಿಗೆ ಬಂದ ಸೋದರಮಾವ ಹೆಸರಿದ್ದ ಸಾಲಿನ, ಅಂದರೆ ಮೊದಲ ಮಗುವಿನ, ನಕಲನ್ನೇ ಒಯ್ದಿದ್ದರು. ಮನೆಯಲ್ಲಿ ಯಾರೂ ಹೀಗೊಬ್ಬಳಿದ್ದಳೆಂದು ಬಾಯಿ ಬಿಟ್ಟಿರಲಿಲ್ಲ. ಅಂದು ಅಕ್ಕ ಆ ಪುಟವನ್ನು ನಿಂತೇ ಓದಿದರು. ಅವರಿಗೆ ಸ್ಟೂಲು ಎಳೆದುಕೊಟ್ಟವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ.

ಲೆಕ್ಕ ಸರಳ. ಅವರ ನಿಜವಾದ ವಯಸ್ಸು ಕಾಗದದಲ್ಲಿದ್ದುದಕ್ಕಿಂತ ಇಪ್ಪತ್ತು ತಿಂಗಳು ಕಡಿಮೆ. ನಿವೃತ್ತಿ ಅಷ್ಟು ಮುಂದೆ ಹೋದರೆ ಸೂಚಿ ಮುಗಿಸಲು ಕಾಲ ಧಾರಾಳವಾಗಿ ಸಾಕು. ಅಕ್ಕ ಪ್ರತಿಯೊಂದು ಸಾಲಿನ ನಕಲನ್ನೂ ಲಗತ್ತಿಸಿ ತಿದ್ದುಪಡಿಗೆ ಅರ್ಜಿ ಹಾಕಿದರು. ಮೇಲಧಿಕಾರಿಗಳು ಹಾಳೆಗಳನ್ನು ಮಗುಚಿ ಕೂಡ ನೋಡಲಿಲ್ಲ. “ಪುಸ್ತಕ ಇಷ್ಟು ವರ್ಷ ನಿಮ್ಮ ವಶದಲ್ಲೇ ಇತ್ತಲ್ಲ, ಮೇಡಂ?” ಎಂದರು. ಬೇಲಿಯೇ ಎದ್ದು ಹೊಲ ಮೇಯಿತು ಎಂದು ಬಾಯಿಬಿಟ್ಟು ಅನ್ನಲಿಲ್ಲ, ಅಷ್ಟೇ. ಮೂವತ್ತೈದು ವರ್ಷ ಒಂದು ಅಕ್ಷರವನ್ನೂ ತಿದ್ದದೆ ಕಾದ ಕೈಯನ್ನು, ಕಾದದ್ದಕ್ಕಾಗಿಯೇ ನಂಬಲಿಲ್ಲ. ಇದಕ್ಕಿಂತ ಹೊಲಸು ಮಾತನ್ನು ಈ ಲೇಖಕ ಕೇಳಿಲ್ಲ. ಆದರೂ ಕೋರಿಕೆ ತಿರಸ್ಕರಿಸಿದ ಹಿಂಬರಹದ ಕರಡನ್ನು ಬರೆದ ಗುಮಾಸ್ತ ಈ ಲೇಖಕನೇ. ಸೇವೆಗೆ ಸೇರಿದ ಮೂರು ವರ್ಷದೊಳಗೆ ಕೇಳಬೇಕಿತ್ತೆಂಬ ನಿಯಮವನ್ನು ದುಂಡಗೆ ಬರೆದು ಮುಂದಿಟ್ಟ. ಅಕ್ಕನಿಂದ ಕಲಿತ ಮೂರು ಪ್ರಶ್ನೆಗಳಲ್ಲಿ ಒಂದನ್ನೂ ಅಂದು ಕೇಳಲಿಲ್ಲ. ಅಕ್ಕ ಹಿಂಬರಹ ಓದಿ, ಮಡಿಸಿ, ಕೈಚೀಲಕ್ಕೆ ಹಾಕಿಕೊಂಡು ಮುಂದಿನ ಸಂಪುಟ ತೆಗೆದರು.

ಮುಂದಿನ ತಿಂಗಳಿಂದ ಅಕ್ಕ ಅದೇ ಕೋಣೆಗೆ ಬರಬೇಕಾದರೆ ಸಾರ್ವಜನಿಕರ ಸಾಲಿನಲ್ಲಿ ನಿಲ್ಲಬೇಕು. ಹನ್ನೊಂದರಿಂದ ಒಂದರವರೆಗೆ, ದಿನಕ್ಕೊಂದು ಪುಸ್ತಕ, ಅದೂ ಕೇಳಿದ ಪುಟ ಮಾತ್ರ. ಇದನ್ನು ಮಾಡಿದವರೇ ಈಗ ಆಹ್ವಾನ ಪತ್ರಿಕೆಯಲ್ಲಿ ‘ಅರವತ್ತು ವಸಂತಗಳನ್ನು ಪೂರೈಸಿದ’ ಎಂದು ಬಣ್ಣದ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದಾರೆ. ಕಡೆಯ ಪಕ್ಷ ಆ ಸಾಲನ್ನಾದರೂ ತೆಗೆಸೋಣವೆಂದು ಈ ಲೇಖಕ ಪತ್ರಿಕೆ ಹಿಡಿದು ನೆಲಮಾಳಿಗೆಗೆ ಇಳಿದ. ತಪ್ಪನ್ನೂ ಅಲ್ಲೇ ಒಪ್ಪಿಕೊಂಡ. ಅಕ್ಕ ಕನ್ನಡಕ ಸರಿಮಾಡಿಕೊಂಡು ಓದಿ, ಬೇಡ, ಇರಲಿ ಎಂದರು.

“ಅರವತ್ತು ಅವಳಿಗೆ ತುಂಬಿದೆ. ಅವಳ ಹೆಸರನ್ನ ಜನರೆದುರು ಒಂದು ಸಲಾನೂ ಯಾರೂ ಕರೆದಿಲ್ಲ. ಆ ದಿನ ಕರೀಲಿ, ಅವಳ ಬದಲು ನಾನು ಎದ್ದು ಹೋಗ್ತೀನಿ.”

ಆದ್ದರಿಂದ ಈ ಅಭಿನಂದನ ಗ್ರಂಥದ ಸನ್ಮಾನವನ್ನು ಹನ್ನೊಂದು ತಿಂಗಳು ಬದುಕಿದ ಆ ಮಗುವಿಗೆ ಸಲ್ಲಿಸಿದ್ದೇವೆಂದು ಓದುಗರು ತಿಳಿಯಲಿ. ದಫ್ತರದಕ್ಕನನ್ನು ಅಭಿನಂದಿಸುವುದು ಇನ್ನೂ ಬಾಕಿಯಿದೆ. ಅದಕ್ಕೆ ಇಪ್ಪತ್ತು ತಿಂಗಳ ಅವಕಾಶವಿದೆ, ಅಷ್ಟರೊಳಗೆ ಉಳಿದ ಹತ್ತು ಸಂಪುಟಗಳನ್ನು ಅವರ ಮೇಜಿಗೆ ತಲುಪಿಸುವ ಹೊಣೆ ನಮ್ಮದು. ಅವರು ನೂರು ವರ್ಷ ಬಾಳಲಿ, ಕೊನೆಯ ದಿನದವರೆಗೂ ಮೂರು ಪ್ರಶ್ನೆ ಕೇಳುತ್ತಿರಲಿ. ಆ ನೂರನ್ನು ಎಣಿಸುವವರು ಮಾತ್ರ, ದಯವಿಟ್ಟು, ಹೆಸರಿನ ಕಾಲಂ ಖಾಲಿಯಿದ್ದ ಆ ಸಾಲಿನಿಂದಲೇ ಎಣಿಸಬೇಕು.