ಡೈವರ್ಷನ್ ಮತ್ತು ಅಕ್ಕನ ಒಡಪು

ಗದಗದಿಂದ ಮುಂಡರಗಿಗೆ ಹೋಗುವ ದಾರಿಯಲ್ಲಿ ಮೊನ್ನೆ ನಮ್ಮ ಬಸ್ಸು ಗಕ್ಕನೆ ನಿಂತಿತು. ಎದುರಿಗೆ ತಗಡಿನ ಹಲಗೆ. ಅದರ ಮೇಲೆ ಇಂಗ್ಲಿಷಿನಲ್ಲಿ 'ಡೈವರ್ಷನ್' ಎಂಬ ಒಂದೇ ಶಬ್ದ. ಕನ್ನಡ ನಾಡು ಒಂದಾಗಿ ಇನ್ನೂ ವರ್ಷ ತುಂಬಿಲ್ಲವಾದ್ದರಿಂದ ಹಲಗೆಗಳಿಗೆ ಆ ಖಬರು ಮುಟ್ಟಿಲ್ಲ. ಪಕ್ಕದಲ್ಲಿದ್ದ ಹರ್ತಿಯ ರೈತರು, "ಹಂಗಂದ್ರೇನ್ರಿ ಮಾಸ್ತರ?" ಎಂದರು. ಇಪ್ಪತ್ತು ವರ್ಷ ಇಂಗ್ಲಿಷ್ ಕಲಿಸಿದ ಮಹಾನುಭಾವ ನಾನು. ಬಾಯಿ ತೆರೆದರೆ ನಾಲ್ಕಾರು ಅರ್ಥಗಳು ಒಟ್ಟಿಗೇ ನುಗ್ಗಿ ಬಾಗಿಲಲ್ಲೇ ಸಿಕ್ಕಿಕೊಂಡವು.

ರಸ್ತೆಯ ಇಂಜಿನಿಯರರಿಗೆ ಅದು ಬಳಸುದಾರಿ. ಕುರ್ತಕೋಟಿಯ ರೈತನಿಗೆ, ಎರೆಹೊಲದ ಒಡ್ಡು ಒಡೆಯದಂತೆ ಮಳೆನೀರನ್ನು ಬೇರೆಡೆಗೆ ಹೊರಳಿಸುವ ಕೆಲಸ. ಗದಗ ಸ್ಟೇಶನ್ನಿನವರಿಗೆ, ಹುಬ್ಬಳ್ಳಿಗೆ ಹೊರಟ ವ್ಯಾಗನ್ನನ್ನು ಸೊಲ್ಲಾಪುರದ ಹಳಿಗೆ ಕಳಿಸುವ ವಿದ್ಯೆ. ಇಸ್ಪೀಟಾಡುವ ವಕೀಲರಿಗೆ ಮನೋವಿನೋದ. ಅವರ ಹೆಂಡಂದಿರಿಗೆ ಮನೆಹಾಳು ಚಟ. ಸೇನಾಪತಿಗಂತೂ ಎಡಕ್ಕೆ ಡೋಲು ಬಾರಿಸಿ ಬಲಕ್ಕೆ ಕೋಟೆ ಹತ್ತುವ ತಂತ್ರ. ವಿನೋದವನ್ನೂ ರಣತಂತ್ರವನ್ನೂ ನಿಘಂಟು ಬೇರೆ ಬೇರೆ ಅಂಕಿ ಹಾಕಿ ದೂರ ಕೂಡ್ರಿಸಿದೆ. ಪಾಪ, ಅದನ್ನು ಬರೆದ ಪಂಡಿತರು ನಮ್ಮ ಅಕ್ಕನನ್ನು ಕಂಡಿರಲಿಲ್ಲ.

ಅಕ್ಕ ಗಂಗವ್ವನನ್ನು ಕೊಟ್ಟದ್ದು ಮುಂಡರಗಿಯ ಆಚೆ, ನಿಜಾಮನ ಸೀಮೆಯ ಹಳ್ಳಿಗೆ. ದೇಶಕ್ಕೆ ಸ್ವಾತಂತ್ರ್ಯ ಬಂದು ವರ್ಷವಾಗುತ್ತ ಬಂದರೂ ಆ ಊರಿಗೆ ಅದು ಬಂದಿರಲಿಲ್ಲ. ಭಾವ ಚಾವಡಿಯ ಮೇಲೆ ತ್ರಿವರ್ಣ ಧ್ವಜ ಏರಿಸಿ ತಲೆಮರೆಸಿಕೊಂಡಿದ್ದರು. ಸಿಕ್ಕರೆ ಸೆರೆಮನೆ, ಜೀವದ ಭರವಸೆಯೂ ಇಲ್ಲ. ಪಂಚಮಿಗೆ ಅಕ್ಕನನ್ನು ಬೆಟಗೇರಿಯ ತವರಿಗೆ ಕರೆತರಲು ನಾನು ಚಕ್ಕಡಿ ಹೂಡಿಕೊಂಡು ಹೋದೆ. ನಾವು ಗಡಿಯ ನಾಕಾದಲ್ಲಿ ತಪಾಸಣೆಗೆ ನಿಂತಿರುವಾಗ ಭಾವ ಪಕ್ಕದ ಹಳ್ಳದ ಗುಂಟ ನುಸುಳಿ ಈಚೆ ದಾಟಬೇಕೆಂಬುದು ಏರ್ಪಾಡು. ಆದರೆ ಹಳ್ಳದ ದಂಡೆಯ ಮೇಲೆ ಕಾವಲಿನ ಜವಾನರಿಬ್ಬರು ಅಂದು ಕದಲದೆ ನಿಂತಿದ್ದರು.

"ಈಕಿ ಗಂಡನ ಹೆಸರೇನು?" ಎಂದ ಜಮಾದಾರ, ಬೇಕಾದವರ ಯಾದಿ ಬಿಡಿಸುತ್ತ. ಎರಡು ದಿನ ಉರು ಹೊಡೆದಿದ್ದ ಸುಳ್ಳು ಹೆಸರು ನನಗೆ ಸಂಪೂರ್ಣ ಮರೆತುಹೋಯಿತು. ಮಾಸ್ತರನ ಸ್ಮರಣಶಕ್ತಿ ಇಷ್ಟೇ ನೋಡಿ, ಹುಡುಗರಿಗೆ ಬಡಿಯುವುದಕ್ಕಷ್ಟೇ ಸಾಲುತ್ತದೆ. ಅಕ್ಕನೋ, ಗಂಡನ ಹೆಸರೆತ್ತಿದರೆ ಆತನ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿದವಳು. "ಮತ್ತೊಬ್ಬನ ಹೆಸರು ಹೇಳಿ ಇಂವ ನನ್ನ ಗಂಡ ಅಂತ ಸತ್ತರೂ ಅನ್ನಂಗಿಲ್ಲ" ಎಂದು ಮೊದಲೇ ಖಡಾಖಡಿ ಹೇಳಿಬಿಟ್ಟಿದ್ದಳು.

"ನಮ್ಮ ಕಡೆ ಹೆಸರು ಹಂಗ ಹೇಳೂದಿಲ್ರಿ ಸಾಹೇಬ್ರ, ಒಡಪು ಹಾಕಿ ಹೇಳ್ತೀವಿ" ಎಂದಳು ಅಕ್ಕ. ಮದುವೆಯಲ್ಲಿ ಗಂಡನ ಹೆಸರನ್ನು ಪ್ರಾಸದ ಕೊನೆಗೆ ಕಟ್ಟಿ ಹೇಳಿಸುತ್ತಾರಲ್ಲ, ಅದೇ ಒಡಪು. ಸೆರಗು ಸರಿಮಾಡಿಕೊಂಡು ದನಿ ಎತ್ತಿದಳು:

"ಬೆಟಗೇರಿ ಮಗ್ಗದಾಗ ನೇದ ಸೀರಿಗೆ ಕೆಂಪು ದಡಿ,
ನಮ್ಮವರ ಹೆಸರು ಹೇಳ್ತೀನಿ, ಒಂದೀಟು ತಡಿ."

ಜಮಾದಾರ ಶಾಯರಿಯ ರುಚಿ ಕಂಡ ಮನುಷ್ಯ. ಯಾದಿಯನ್ನು ಕಂಕುಳಲ್ಲಿಟ್ಟು "ವಾಹ್! ಮುಂದ ಹೇಳವ್ವ" ಎಂದ.

"ಲಕ್ಷ್ಮೇಶ್ವರದಿಂದ ತಂದೆ ಹಿತ್ತಾಳಿ ಕೊಡ,
ಹೆಸರು ತುಟಿಗೆ ಬಂದೈತಿ, ಅವಸರ ಮಾಡಬ್ಯಾಡ."

ನಗೆ ಕೇಳಿ ದಂಡೆಯ ಜವಾನರಿಬ್ಬರೂ ಓಡಿ ಬಂದು ಚಕ್ಕಡಿಗೆ ಒರಗಿ ನಿಂತರು. ಶಿರಹಟ್ಟಿ, ಮುಳಗುಂದ, ಯಾವ ಊರನ್ನೂ ಅಕ್ಕ ಬಿಡಲಿಲ್ಲ. ಪ್ರತಿ ಒಡಪಿನಲ್ಲೂ ಹೆಸರು ಹೊಸ್ತಿಲ ತನಕ ಬಂದು ಹಿಂದೆ ಸರಿಯುತ್ತಿತ್ತು. ಜವಾನರ ಹೆಗಲ ಮೇಲಿಂದ ನನಗೆ ಹಳ್ಳ ಕಾಣುತ್ತಿತ್ತು. ತಲೆಗೆ ಸುತ್ತಿದ ಬಿಳಿ ರುಮಾಲೊಂದು ಬಗ್ಗಿ ಬಗ್ಗಿ ಸರಿದು ಈಚೆ ದಡ ಏರಿತು.

"ಸಾಕವ್ವಾ, ನಕ್ಕು ನಕ್ಕು ಹೊಟ್ಟಿ ನೋಯ್ತು. ಹೆಸರು ತಿರುಗಿ ಬರೂವಾಗ ಹೇಳು" ಎಂದು ಜಮಾದಾರ ದಾರಿಗೆ ಅಡ್ಡ ಹಾಕಿದ್ದ ಗಳು ಎತ್ತಿಸಿದ.

ಗಡಿ ದಾಟಿ ಒಂದು ಹೊಲದಷ್ಟು ದೂರ ಬಂದಿದ್ದೆವು. ಬೇವಿನ ಮರದ ಕೆಳಗೆ, ಮೊಳಕಾಲ ತನಕ ಎರೆಮಣ್ಣು ಮೆತ್ತಿಕೊಂಡು ಭಾವ ನಿಂತಿದ್ದರು. ಅಕ್ಕ ಓಡುವ ಚಕ್ಕಡಿಯಲ್ಲೇ ಎದ್ದು ನಿಂತು, ನಾಕಾದ ಕಡೆ ತಿರುಗಿ, ಎರೆಭೂಮಿಗೆಲ್ಲ ಕೇಳುವಂತೆ ಕೂಗಿದಳು: "ಸಾಹೇಬ್ರ, ನಮ್ಮವರ ಹೆಸರು ಸಿದ್ದಪ್ಪ!"

ನಾನು ಗಾಬರಿಯಾಗಿ "ಅಕ್ಕಾ, ಆಯುಷ್ಯ..." ಎಂದೆ.

"ಇವತ್ತ ಇಡೀ ಆಯುಷ್ಯ ನಾನ ತಂದು ಕೊಟ್ಟೇನಿ. ಅದರಾಗ ಒಂದೀಟು ಕಡಿಮಿ ಆದ್ರ ಆಗಲಿ ಬಿಡೋ" ಎಂದಳು.

ಭಾವ ಚಕ್ಕಡಿ ಹತ್ತಿದರು. ಆಮೇಲೆ ಮೆಲ್ಲಗೆ ಅಂದರು: "ಒಡಪು ಇಲ್ದ ನನ್ನ ಹೆಸರು ಹನ್ನೊಂದು ವರ್ಷದಾಗ ಮೊದಲನೇ ಸಲ ಕೇಳಿದೆ. ಇನ್ನೊಮ್ಮೆ ಹೇಳು."

ಮುಂಡರಗಿ ಬರುವ ತನಕ ಅಕ್ಕ ಹೇಳುತ್ತಲೇ ಇದ್ದಳು.