ವಾಡಿಯ ವಿಠೋಬಾ ಮತ್ತು ನಾಲ್ಕರ ರೋಪ್‌ವೇ

ವಾಡಿ ಜಂಕ್ಷನ್ನಿನಲ್ಲಿ ಮೂವತ್ನಾಲ್ಕು ವರ್ಷ ಹಳಿ ಬದಲಿಸಿದ ಪಾಯಿಂಟ್ಸ್‌ಮನ್ ವಿಠೋಬಾ ಸೊಲ್ಲಾಪುರದ ಆಚೆ ಕಾಲಿಟ್ಟವನಲ್ಲ. ಆದರೆ ಚಿತ್ತಾಪುರ, ಶಹಾಬಾದಿನ ಜನ ಕಾಶಿಗೆ ಹೊರಡಲಿ, ನಾಗಪುರಕ್ಕೆ ಹೊರಡಲಿ, ಎಲ್ಲಿ ಇಳಿಯಬೇಕು, ಎಲ್ಲಿ ಕಾಯಬೇಕು ಎಂದು ಬರೆದುಕೊಡುತ್ತಿದ್ದವನು ಅವನೇ. ಮೊಬೈಲ್ ಬಂದಮೇಲೆ ಯಾರೂ ಅವನ ಕಟ್ಟೆ ಹತ್ತಲಿಲ್ಲ. ನಿವೃತ್ತಿಗೆ ಕುಗ್ಗದವನು ಇದಕ್ಕೆ ಕುಗ್ಗಿದ.

ಎರಡು ವರ್ಷದ ಮೇಲೆ ಬಂದ ಮೊದಲ ಗಿರಾಕಿ ಸೇಡಂನ ಸಿಮೆಂಟ್ ಡೀಲರ್ ಸಿದ್ಧಲಿಂಗ, ಜೊತೆಗೆ ಹೆಂಡತಿ ಗುರುದೇವಿ. ನಮ್ಮಲ್ಲಿ ಸಿಮೆಂಟಿನ ಧೂಳು ಊರಿನ ಪಾಲು, ಹಿಮ ಡೀಲರುಗಳ ಪಾಲು. ಹೆಚ್ಚು ಮಾಲು ಮಾರಿದ್ದಕ್ಕೆ ಕಂಪನಿ ಇವರಿಬ್ಬರನ್ನು ಐದು ದಿನ ಆಲ್ಪ್ಸ್ ಪರ್ವತಕ್ಕೆ ಕಳಿಸುತ್ತಿತ್ತು, ಹಿಮದ ಮೇಲೆ ಜಾರುವ ಸ್ಕೀ ಕಲಿಯಲು. ಹೋಟೆಲು ಮಾತ್ರ ತಾವೇ ಆರಿಸಬೇಕು. ಮೂರು ಕಣಿವೆ, ಹನ್ನೊಂದು ಊರು, ಊರೂರಿಗೆ ರೋಪ್‌ವೇ.

“ವಿಠೋಬಣ್ಣಾ, ನನ್ನ ಮಗಳು ಮೊಬೈಲ್ ನೋಡಿ ದಿನಕ್ಕೊಂದು ಹೇಳಾಕತ್ತಾಳ. ನೀವೇ ಬರದು ಕೊಡ್ರಿ.”

“ಇಷ್ಟ ಏನ್ರಿ ಸಾವಕಾರ್ರ! ಇದೂ ಒಂದು ಜಂಕ್ಷನ್ನೇ.”

ವಿಠೋಬಾ ಎರಡು ದಿನ ಕಂಪನಿ ಕೊಟ್ಟ ನಕಾಶೆಯ ಮೇಲೆ ಬಗ್ಗಿ ಕೂತ. ಬಿಸಿಲು ಬೀಳುವ ಒಂದು ಊರಲ್ಲಿ ಹೋಟೆಲು ಹಿಡಿದ. ಸ್ಕೀ ಶಾಲೆ ಗುಡ್ಡದ ಆಚೆ. ಪಾಠ ಮುಗಿಯುವುದು ನಾಲ್ಕಕ್ಕೆ, ಗುಡ್ಡ ದಾಟಿಸುವ ಕಡೆಯ ರೋಪ್‌ವೇ ಹೊರಡುವುದೂ ನಾಲ್ಕಕ್ಕೆ. ನಾಲ್ಕರ ಗಾಡಿ ಐದಕ್ಕೆ ಮೊದಲು ಹೊರಟದ್ದನ್ನೇ ಕಾಣದ ವಾಡಿಯವನಿಗೆ ಇದು ಲೆಕ್ಕವೇ ಅಲ್ಲ. ಕಾಗದದಲ್ಲಿ ‘ಚಹಾ ಕುಡಿದು ಬರುವುದು’ ಎಂದು ಬರೆದು ಕಳಿಸಿದ.

ಆಮೇಲೆ, ಎಷ್ಟು ತಡ ಎಂದಾದರೂ ತಿಳಿಯೋಣವೆಂದು, ಇಂಗ್ಲಿಷ್ ಮಾಸ್ತರನಾದ ಅಳಿಯ ಸಂಘಪಾಲನಿಂದ ಅಲ್ಲಿಯ ಆಫೀಸಿಗೆ ಫೋನ್ ಮಾಡಿಸಿದ.

“ತಡ ಆಗೂದಿಲ್ಲಂತ್ರಿ ಮಾವಾ.”

“ಮಳಿ ಬಂದ್ರ?”

“ಇಲ್ಲಂತ.”

“ಮಂತ್ರಿ ಬಂದ್ರ?”

“ಯಾರು ಬಂದ್ರೂ ನಾಲ್ಕಕ್ಕ ಬಂದ್. ತಪ್ಪಿದ್ರ ಟ್ಯಾಕ್ಸಿ, ಗುಡ್ಡಾ ಸುತ್ತಿ ಎರಡು ತಾಸು.”

ವಿಠೋಬಾನ ಮುಖ ಸಪ್ಪಗಾಯಿತು. ಹೇಳಿದರೆ ಇದ್ದೊಬ್ಬ ಗಿರಾಕಿಯೂ ಹೋಗುತ್ತಾನೆ.

“ಸುಮ್ಕ ಇರ್ರಿ,” ಎಂದಳು ಹೆಂಡತಿ ದ್ರೌಪದಿ. “ರೊಕ್ಕ ಇದ್ದವರು, ಟ್ಯಾಕ್ಸಿ ಮಾಡ್ತಾರ.”

“ಹಳಿ ತಪ್ಪು ಹಚ್ಚೀನಿ ಅಂತ ಗೊತ್ತಾದ ಮ್ಯಾಲ ಸುಮ್ಕ ಇರಾಕ ಬರ್ತದೇನ?”

ಸಿದ್ಧಲಿಂಗನಿಗೆ ತಾನೇ ಫೋನ್ ಹಚ್ಚಿದ.

“ಸಾವಕಾರ್ರ, ನಂದು ತಪ್ಪಾಗ್ಯಾದ. ನಾಲ್ಕರ ರೋಪ್‌ವೇ ನಿಮಗ ಸಿಗಂಗಿಲ್ಲ. ಅಲ್ಲಿ ಯಾವುದೂ ತಡ ಆಗಂಗಿಲ್ಲಂತ. ಭಾಳ ಖರಾಬ್ ಊರು ಅದ.”

“ಏನ್ರಿ ಇದು! ನಡುಗುಡ್ಡದಾಗ ಹೆಪ್ಪುಗಟ್ಟತಿದ್ವಿ! ಬಿಡ್ರಿ, ಮಗಳೇ ನೋಡ್ತಾಳ.”

ಅಷ್ಟರಲ್ಲಿ ಫೋನು ಗುರುದೇವಿಯ ಕೈಗೆ ಹೋಯಿತು.

“ಅಣ್ಣಾರ, ಮೊಬೈಲೂ ತಪ್ಪು ಹೇಳ್ತದ, ಆದ್ರ ಹೊಳ್ಳಿ ಫೋನ್ ಮಾಡಿ ತಪ್ಪಾತು ಅನ್ನೂದಿಲ್ಲ. ಇನ್ನೊಮ್ಮಿ ನೀವೇ ಬರೀರಿ.”

ವಿಠೋಬಾ ನಕಾಶೆಯನ್ನು ಮತ್ತೆ ಬಿಡಿಸಿದ.

“ಹಂಗಾದ್ರ ಹೇಳ್ರಿ ಅಕ್ಕಾರ, ಅಲ್ಲಿ ಗಾಡಿ ಅಂತೂ ತಡ ಆಗಂಗಿಲ್ಲ, ಸಾವಕಾರ್ರು ಮುಂಜಾನೆ ಎಷ್ಟಕ್ಕ ಏಳ್ತಾರ? ಖರೆ ಹೇಳ್ರಿ.”